ಅತ್ತೆ ಹತ್ತಿದ ದೋಣಿ

ಶನಿವಾರ ಬೆಳಿಗ್ಗೆ ಕಪ್ತಾನನ ಹೆಂಡತಿ ಬಚ್ಚಲ ಬಾಗಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ನೋಡನೋಡುತ್ತಿದ್ದಂತೆ ಪಾದ ಬನ್ನಿನ ಹಾಗೆ ಊದಿತು. ಅವಳು ಬರೀ ಹೆಂಡತಿಯಾಗಿದ್ದರೆ ಮಂಚದ ಮೇಲೆ ಮಲಗಿಸಿ ಹೊರಟುಬಿಡಬಹುದಿತ್ತು. ಆದರೆ ಜನರನ್ನು ಮೀನು ಹಿಡಿಯಲು ಕರೆದೊಯ್ಯುವ ಅವನ ಬಾಡಿಗೆ ದೋಣಿಯಲ್ಲಿ ಗಾಳಕ್ಕೆ ಎರೆ ಸಿಕ್ಕಿಸುವವಳು, ಹಗ್ಗ ಎಳೆಯುವವಳು, ಗಿರಾಕಿಗಳ ಕೊಂಕು ಮಾತಿಗೆ ನಗುತ್ತಲೇ ಉತ್ತರ ಕೊಡುವವಳು ಎಲ್ಲ ಅವಳೇ. ಬೇಕರಿ ಯಜಮಾನರೂ ಅವರ ಇಬ್ಬರು ಭಾವಮೈದುನರೂ ಕೆಂಪು ಸ್ನ್ಯಾಪರ್ ಮೀನು ಹಿಡಿದೇ ತೀರುತ್ತೇವೆಂದು ಆಗಲೇ ದೋಣಿ ನಿಲ್ಲುವ ಧಕ್ಕೆಗೆ ಬಂದು ನಿಂತಿದ್ದರು.

“ಅಮ್ಮ ಬರ್ತಾಳೆ ಬಿಡ್ರೀ,” ಎಂದಳು ಹೆಂಡತಿ.

ಬೇರೆ ಯಾರಾದರೂ ಸಿಕ್ಕಾರೇ ಎಂದು ಕಪ್ತಾನ ಬೀದಿಗೆ ಇಣುಕಿದ. ಮಗಳನ್ನು ನೋಡಲೆಂದು ಅತ್ತೆ ಹಿಂದಿನ ದಿನವಷ್ಟೇ ಬಂದಿದ್ದರು. ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಊರೆಲ್ಲ ಈಗಲೂ ಸಿಸ್ಟರಮ್ಮ ಎಂದೇ ಕರೆಯುತ್ತದೆ. ಅದೇ ಆಸ್ಪತ್ರೆಯಲ್ಲಿ ಅವನಿಗೆ ಜನರೇಟರ್ ಮೆಕ್ಯಾನಿಕ್ ಕೆಲಸ ಕೊಡಿಸಿದ್ದೂ ಅವರೇ. ಆ ಕೆಲಸ ಬಿಟ್ಟು ಅವನು ದೋಣಿ ಕೊಂಡ ದಿನ, “ನಿಮ್ಮಿಷ್ಟ ಅಳಿಯಂದಿರೇ,” ಎಂದಿದ್ದರು. ಅಷ್ಟೇ. ಬೈದಿದ್ದರೆ ಅವನಿಗೆ ಎಷ್ಟೋ ಹಾಯೆನಿಸುತ್ತಿತ್ತು. ಅಂದಿನಿಂದ ಅವರ ‘ನೀವು’, ‘ತಾವು’ಗಳು ಎಷ್ಟು ನಯವಾದವೆಂದರೆ, ಅವರ ಮುಂದೆ ಊಟಕ್ಕೆ ಕೂರುವುದನ್ನೇ ಅವನು ತಪ್ಪಿಸುತ್ತಿದ್ದ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಮ್ಮ ಔಷಧಿ ಪೆಟ್ಟಿಗೆಯನ್ನು ಬಗಲಿಗೇರಿಸಿಕೊಂಡು ಬಂದೇಬಿಟ್ಟರು. ದೋಣಿ ಹತ್ತುವಾಗ ಅವನು ಕೈ ಚಾಚಿದ. ಅವರು ದೋಣಿಯಂಚಿನ ಕಟಕಟೆ ಹಿಡಿದುಕೊಂಡು ತಾವೇ ಹತ್ತಿದರು.

ದಡ ಕಣ್ಣಿಗೆ ಬರೀ ಗೆರೆಯಾಯಿತು. ಭಾವಮೈದುನರಲ್ಲಿ ಚಿಕ್ಕವನು ಒಮ್ಮೆ ಬಗ್ಗಿ ಸಮುದ್ರಕ್ಕೆ ತಿಂಡಿಯನ್ನೆಲ್ಲ ಒಪ್ಪಿಸಿ ಬಂದ. ಅತ್ತೆ ಅವನಿಗೆ ನಿಂಬೆಹಣ್ಣಿನ ಹೋಳು ಕೊಟ್ಟು, “ದೂರ ನೋಡಪ್ಪಾ, ಕಾಲು ನೋಡ್ಕೋಬೇಡ,” ಎಂದರು. ತಮಗೆ ಮಾತ್ರ ಏನೂ ಆಗದವರಂತೆ ಕೂತಿದ್ದರು. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದುದನ್ನು ಚುಕ್ಕಾಣಿಯ ಹತ್ತಿರವಿದ್ದ ಕಪ್ತಾನ ನೋಡಿಯೂ ನೋಡದ ಹಾಗಿದ್ದ.

ನೀರಡಿಯ ಬಂಡೆಸಾಲಿನ ಮೇಲೆ ಲಂಗರು ಇಳಿಸಿ ಗಾಳ ಬಿಟ್ಟಿದ್ದೇ ತಡ, ಮೀನು ಕಚ್ಚತೊಡಗಿತು. ಮೊದಲು ಬಂದವು ಅಂಗೈಯಗಲದ ಮರಿಗಳು. ಅಷ್ಟು ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ, ನೀರಿಗೆ ಬಿಡಬೇಕು. ಆದರೆ ಆಳದಿಂದ ಸರ್ರನೆ ಮೇಲೆಳೆದ ಸ್ನ್ಯಾಪರಿನ ಒಳಗಿನ ಗಾಳಿಚೀಲ ಉಬ್ಬಿ, ಹೊಟ್ಟೆ ಬಲೂನಾಗುತ್ತದೆ. ಹಾಗೇ ಬಿಟ್ಟರೆ ಮುಳುಗಲಾರದೆ ಮೇಲೇ ತೇಲಿ ಹಕ್ಕಿಗಳ ಪಾಲು. ಪೊಳ್ಳು ಸೂಜಿ ಚುಚ್ಚಿ ಗಾಳಿ ತೆಗೆಯಬೇಕು. ಅದು ಹೆಂಡತಿಯ ಕೆಲಸ. ಕಪ್ತಾನ ಸೂಜಿ ಹಿಡಿದು ತಡಕಾಡುವುದನ್ನು ಅತ್ತೆ ಸ್ವಲ್ಪ ಹೊತ್ತು ನೋಡಿದರು.

“ತಾವು ಬಿಡಿ. ಎಲ್ಲಿ ಚುಚ್ಚಬೇಕು ಹೇಳಿ ಸಾಕು.”

“ಈ ಎದೆರೆಕ್ಕೆ ಹಿಂದೆ ಅತ್ತೆ, ಹುರುಪೆ ಕೆಳಗೆ, ಓರೆಯಾಗಿ.”

ಪುಸ್ಸೆಂದು ಗಾಳಿ ಹೋಯಿತು. ಅತ್ತೆ ಬಗ್ಗಿ ಮರಿಯನ್ನು ನೀರಿಗಿಟ್ಟರು. ಅದು ಒಂದು ಕ್ಷಣ ತಬ್ಬಿಬ್ಬಾಗಿ ನಿಂತು, ಬಾಲ ಒದರಿ ಕೆಳಗಿಳಿದುಹೋಯಿತು.

“ಹೋಯ್ತು!” ಎಂದರು ಅತ್ತೆ. ಅವರ ಮುಖದಲ್ಲಿ ಅಂಥ ನಗುವನ್ನು ಅವನು ತನ್ನ ಮದುವೆಯಲ್ಲೂ ಕಂಡಿರಲಿಲ್ಲ. ಆಮೇಲೆ ಬಂದ ಮರಿಗಳಿಗೆಲ್ಲ, “ನೋವಾಗಲ್ಲ ಪುಟ್ಟಾ, ಆಯ್ತು ಆಯ್ತು,” ಎನ್ನುತ್ತಲೇ ಸೂಜಿ ಹಾಕಿ ಕಳಿಸಿದರು.

ಬಿಸಿಲೇರಿದ ಮೇಲೆ ಬೇಕರಿ ಯಜಮಾನರ ಗಾಳದ ಕೋಲು ಬಿಲ್ಲಿನಂತೆ ಬಗ್ಗಿತು. ಹಿಟ್ಟು ನಾದಿ ಪಳಗಿದ ತೋಳೂ ಸೋತು ನಡುಗುವ ಹೊತ್ತಿಗೆ ನೀರೊಳಗೆ ಕೆಂಪಗೆ ಏನೋ ಹೊಳೆಯಿತು. ಚಿಕ್ಕ ಮಗುವಿನಷ್ಟಿದ್ದ ಮೀನು! ಕಪ್ತಾನ ಅವಸರದಲ್ಲಿ ಬಗ್ಗಿ ದಾರಕ್ಕೆ ಕೈ ಹಾಕಿದ. ಒಂದೇ ದಾರಕ್ಕೆ ಎರಡು ಕೊಕ್ಕೆ ಕಟ್ಟಿತ್ತು. ಮೀನು ಒಮ್ಮೆ ಕೊಡವಿದ್ದೇ, ಖಾಲಿಯಿದ್ದ ಇನ್ನೊಂದು ಕೊಕ್ಕೆ ಅವನ ಅಂಗೈಗೆ ನಾಟಿತು. ಈಗ ದಾರದ ಒಂದು ಕಡೆ ಮೀನು, ಇನ್ನೊಂದು ಕಡೆ ಕಪ್ತಾನ. ಮೀನು ಎಳೆದಂತೆಲ್ಲ ಅವನ ಅರ್ಧ ಮೈ ದೋಣಿಯಾಚೆ ವಾಲಿತು.

“ಏಯ್! ಅಲ್ಲಾಡ್ಬೇಡ!” ಅತ್ತೆ ಹಾರಿಬಂದು ಅವನ ಸೊಂಟದ ಬೆಲ್ಟು ಹಿಡಿದರು. ಇನ್ನೊಂದು ಕೈಯಲ್ಲಿ ಔಷಧಿ ಪೆಟ್ಟಿಗೆಯ ಕತ್ತರಿಯಿತ್ತು.

“ಅತ್ತೆ, ದಾರ ಕತ್ತರಿಸ್ಬೇಡಿ, ಮೀನು ಹೋಗ್ಬಿಡುತ್ತೆ!”

“ಮೀನು ಹಾಳಾಗ್ಹೋಗ್ಲಿ, ಮುಚ್ಚೋ ಬಾಯಿ!”

ಕಚಕ್ಕೆಂದು ದಾರ ತುಂಡಾಯಿತು. ಮೀನು ಧೊಪ್ಪೆಂದು ಬಾಲ ಬಡಿದು ನೀರಲ್ಲಿ ಮರೆಯಾಯಿತು. ಬೇಕರಿ ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತರು.

ಅತ್ತೆ ಅತ್ತ ತಿರುಗಿಯೂ ನೋಡಲಿಲ್ಲ. ಕಪ್ತಾನನನ್ನು ಕೂರಿಸಿ, ಔಷಧಿ ಹಚ್ಚಿ, ಕೊಕ್ಕೆಯ ಮೊನೆಯನ್ನು ಮುಂದಕ್ಕೇ ತಳ್ಳಿ ಹೊರಬರಿಸಿ, ಇಕ್ಕಳದಿಂದ ಅದರ ಮುಳ್ಳು ಕತ್ತರಿಸಿ, ಉಳಿದದ್ದನ್ನು ಹಿಂದಕ್ಕೆ ಜಾರಿಸಿ ತೆಗೆದರು. ಅವನಿಗೆ ಜೀವ ಬಾಯಿಗೆ ಬಂದಿತ್ತು. ಅವರ ಕೈ ಮಾತ್ರ ಹೂ ಕಟ್ಟುವವರ ಕೈಯಂತೆ ಓಡಿತು. ಪಟ್ಟಿ ಕಟ್ಟಿ ಗಂಟು ಹಾಕಿದವರು ಅದನ್ನೇ ಬಿಚ್ಚಿ ಮತ್ತೆ ಕಟ್ಟಿದರು, ಮತ್ತೆ ಬಿಚ್ಚಿ ಮತ್ತೆ ಕಟ್ಟಿದರು.

“ಅತ್ತೆ, ಏನಾಯ್ತು? ಕೂತ್ಕೊಳ್ಳಿ.”

“ಏನಾಯ್ತು ಅಂತ ನನ್ನ ಕೇಳ್ತೀಯಾ? ಅವಳಿಗೆ ನಾನು ದಿನಾ ಸಾಯಂಕಾಲ ಫೋನ್ ಮಾಡೋದು ಯಾಕೆ ಅಂದ್ಕೊಂಡಿದ್ದೀಯಾ? ಊಟಕ್ಕೇನು ಮಾಡ್ದೆ ಅಂತ ಕೇಳೋಕಾ? ನಿನ್ನ ದೋಣಿ ದಡಕ್ಕೆ ಬಂತೋ ಇಲ್ವೋ ಅಂತ ತಿಳ್ಕೊಳ್ಳೋಕೆ ಕಣೋ! ಅದು ಗೊತ್ತಾಗೋವರೆಗೂ ನನಗೆ ಒಂದು ಲೋಟ ಕಾಫಿ ಇಳಿಯಲ್ಲ.”

ಅಷ್ಟು ವರ್ಷ ಆ ಫೋನ್ ಬಂದಾಗಲೆಲ್ಲ, ತನ್ನ ಮೇಲೆ ದೂರು ನಡೆಯುತ್ತಿದೆಯೆಂದು ಕಪ್ತಾನ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದ.

“ನನಗೂ ಒಂದು ಮಾತು ಹೇಳ್ಬಾರ್ದಿತ್ತಾ ಅತ್ತೆ?”

“ನೀನು ಕೆಲಸ ಬಿಡೋವಾಗ ನನಗೊಂದು ಮಾತು ಕೇಳಿದ್ಯಾ?”

“ಕೇಳಿದ್ರೆ ಬೇಡ ಅಂತಿದ್ರಿ.”

“ಅಂತಿದ್ದೆ. ಆದ್ರೂ ಕೇಳ್ಬೇಕಿತ್ತು.”

“ತಪ್ಪಾಯ್ತು ಅತ್ತೆ,” ಎಂದ ಅವನು. ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು, “ಸರಿ, ಸರಿ,” ಎಂದರು.

ಅಷ್ಟರಲ್ಲಿ ಚಿಕ್ಕ ಭಾವಮೈದುನ ಕಿರುಚಿದ: “ಭಾವ, ಅಲ್ಲಿ ನೋಡಿ! ಹೋಗೇ ಇಲ್ಲ ಅದು!”

ಹೌದು, ದೋಣಿಯಿಂದ ಒಂದು ಮಾರು ದೂರದಲ್ಲಿ ಆ ಹೆಮ್ಮೀನು ಹೊಟ್ಟೆ ಊದಿಸಿಕೊಂಡು, ಮುಳುಗಲು ಹೆಣಗುತ್ತ ಕೆಂಪು ದಿಂಬಿನ ಹಾಗೆ ತೇಲುತ್ತಿತ್ತು. ಅತ್ತೆಯೇ ಉದ್ದ ಹಿಡಿಯ ಬಲೆ ಎತ್ತಿಕೊಂಡರು. ಮೂವರು ಗಿರಾಕಿಗಳೂ ಸೇರಿ ಬಲೆಯ ಹಿಡಿ ಎಳೆದರು. ಕಪ್ತಾನ ಒಂದೇ ಕೈಯಲ್ಲಿ ಅತ್ತೆಯ ಸೆರಗು ಭದ್ರವಾಗಿ ಹಿಡಿದು ನಿಂತ. ಮೀನು ಹಲಗೆಯ ಮೇಲೆ ಬಿದ್ದಾಗ ಬೇಕರಿ ಯಜಮಾನರು ಸಂತೋಷಕ್ಕೆ ಸಿಸ್ಟರಮ್ಮನ ಕಾಲಿಗೇ ಬಿದ್ದರು.

“ಏಳಿ, ಏಳಿ. ಇನ್ನು ಗಾಳ ಸುತ್ತಿ. ನಮ್ಮ ಹುಡುಗನಿಗೆ ಇಂಜೆಕ್ಷನ್ ಆಗ್ಬೇಕು,” ಎಂದರು ಅತ್ತೆ. ಎದುರಾಡುವ ಧೈರ್ಯ ಯಾರಿಗಿತ್ತು? ಕಪ್ತಾನ ಒಂಟಿ ಕೈಯಲ್ಲೇ ಚುಕ್ಕಾಣಿ ಹಿಡಿದ. ಅತ್ತೆ ದಾರಿಯುದ್ದಕ್ಕೂ ಪಕ್ಕದಲ್ಲೇ ನಿಂತು, ಆ ದಿಕ್ಸೂಚಿಯ ಮುಳ್ಳು ಯಾಕೆ, ಈ ದೀಪ ಯಾಕೆ ಎಂದು ಕೇಳಿದ್ದೇ ಕೇಳಿದ್ದು.

ಇಂಜೆಕ್ಷನ್ ಮುಗಿಸಿ ಮನೆಗೆ ಬಂದಾಗ ಹೆಂಡತಿ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಗಂಡನ ಪಟ್ಟಿ ಕಟ್ಟಿದ ಕೈ ನೋಡಿ ಗಾಬರಿಯಾದಳು; “ಲೇ, ಆ ಸ್ಟೂಲ್ ತಗೊಂಡು ಇಲ್ಲಿ ಕೂತ್ಕೋ,” ಎಂದು ಅಮ್ಮ ಅವನಿಗೆ ಗದರಿದ್ದು ಕೇಳಿ ಇನ್ನೂ ಗಾಬರಿಯಾದಳು.

“ಅಮ್ಮಾ, ಯಾರಿಗೆ ‘ಲೇ’ ಅಂತಿದ್ದೀಯ?”

“ಮನೇಲಿ ಇನ್ಯಾರಿದ್ದಾರೆ?”

ಅತ್ತೆ ಒಬ್ಬರೇ ನಿಂತು, ಬೇಕರಿ ಯಜಮಾನರು ಕೊಟ್ಟ ತಮ್ಮ ಪಾಲಿನ ಮೀನು ಹುರಿದು ಇಬ್ಬರಿಗೂ ಬಡಿಸಿದರು. ಕಪ್ತಾನ ಎಡಗೈಯಲ್ಲಿ ಪರದಾಡುವುದನ್ನು ನೋಡಲಾರದೆ ಮುಳ್ಳು ಬಿಡಿಸಿ ಕೊಟ್ಟರು. ಉಂಡಾದ ಮೇಲೆ ಕುರ್ಚಿಯಲ್ಲಿ ಒರಗಿ, “ನೆಲ ಇನ್ನೂ ಓಲಾಡ್ತಾ ಇದೆ ಕಣೋ,” ಎಂದವರು ಹಾಗೇ ಕಣ್ಣು ಮುಚ್ಚಿದರು. ಸೀರೆಯ ತುಂಬ ಮೀನಿನ ಹುರುಪೆ ಮಿನುಗುತ್ತಿತ್ತು.

ಎಬ್ಬಿಸೋಣವೇ ಬೇಡವೇ ಎಂದು ಗಂಡ ಹೆಂಡತಿ ಪಿಸುಗುಟ್ಟಿಕೊಂಡರು. ಕೊನೆಗೆ ಕಪ್ತಾನನೇ ಹೊದಿಕೆ ತಂದು ಮೆಲ್ಲಗೆ ಹೊದಿಸಿದ.

ಅತ್ತೆ ಕಣ್ಣು ಬಿಡಲಿಲ್ಲ. “ಆ ಕೈ ಮೇಲೆತ್ತಿ ಇಟ್ಕೋ, ಬಾವು ಬರುತ್ತೆ,” ಎಂದು ಮಗ್ಗುಲಾದರು.