ಅಪ್ಪ ನಿಧಾನ ಮಾಡಿದ ಗಡಿಯಾರ

ಗಡಿಯಾರ ರಿಪೇರಿಯವನ ಮಗಳು ಆ ವರ್ಷ ಯಾವ ಕಾಲೇಜಿಗೂ ಸೇರಲಿಲ್ಲ. ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಇನ್ನೂ ಹನ್ನೊಂದು ಪ್ರಶ್ನೆ ಉಳಿದಿರುವಾಗಲೇ ಗಂಟೆ ಬಾರಿಸಿತ್ತು. "ಇನ್ನೊಂದೇ ವರ್ಷ, ಇದೇ ಕೊನೆ" ಎಂದು ಫೋನನ್ನು ಅಮ್ಮನ ಕೈಗಿಟ್ಟು, ಅಂಗಡಿಯ ಹಿಂದಿನ ಕೋಣೆ ಸೇರಿದಳು.

ಆ ಕೋಣೆಯ ಗೋಡೆ ತುಂಬ ರಿಪೇರಿಗೆ ಬಂದ ಗಡಿಯಾರಗಳು. ಒಂದರ ಮಾತು ಇನ್ನೊಂದಕ್ಕೆ ಒಪ್ಪಿಗೆಯಿಲ್ಲ. ಒಂದರಲ್ಲಿ ಬೆಳಗಾದರೆ ಪಕ್ಕದ್ದರಲ್ಲಿ ಮುಸ್ಸಂಜೆ. ನಂಬಲು ಇದ್ದದ್ದು, ಅಪ್ಪ ದಿನವೂ ಕೀಲಿ ಕೊಟ್ಟು, ಸಮಯ ಹೊಂದಿಸಿ ಮೇಜಿನ ಮೇಲಿಡುತ್ತಿದ್ದ ಹಿತ್ತಾಳೆಯ ಪುಟ್ಟ ಗಡಿಯಾರವೊಂದೇ.

ಎರಡರಿಂದ ಐದರವರೆಗೆ ಅಣಕು ಪರೀಕ್ಷೆ. ಆ ಮಧ್ಯಾಹ್ನಗಳಿಗೆ ಕೊನೆಯೇ ಇರಲಿಲ್ಲ. ಬಿಸಿಲು ಪ್ರಶ್ನೆಪತ್ರಿಕೆಯ ಮೇಲೆ ಬೆಕ್ಕಿನಂತೆ ಮೈಚಾಚಿ ಮಲಗುತ್ತಿತ್ತು. ಪ್ರಶ್ನೆ ಹೃದಯದ ಬಗ್ಗೆ ಬಂದರೆ, ಅದರ ನಾಲ್ಕೂ ಕೋಣೆಗಳಲ್ಲಿ ಅವಳೇ ಒಂದೊಂದಾಗಿ ಬಾಗಿಲು ತೆರೆದು ಓಡಾಡಿದ ಹಾಗೆ. ಕೊನೆಯ ಪ್ರಶ್ನೆ ಮುಗಿಸಿ ತಲೆಯೆತ್ತಿದರೆ ಮುಳ್ಳು ಇನ್ನೂ ಐದನ್ನು ಮುಟ್ಟಿರುತ್ತಿರಲಿಲ್ಲ.

ಅಮ್ಮನ ಟೀಗೆ ಮಾತ್ರ ಯಾಕೋ ಅವಸರ.

"ಇವತ್ತೂ ಬೇಗ ತಂದ್ಯಾ? ಇನ್ನೂ ಕಾಲು ಗಂಟೆ ಇದೆಯಲ್ಲಮ್ಮ."

"ನಿನ್ನ ತಲೆ! ರೇಡಿಯೋದಲ್ಲಿ ಐದರ ವಾರ್ತೆ ಶುರುವಾದ ಮೇಲೇ ನಾನು ಒಲೆ ಆರಿಸೋದು."

ಅವಳು ಹಿತ್ತಾಳೆಯ ಗಡಿಯಾರದತ್ತ ತಿರುಗಿದಳು. ಪರೀಕ್ಷೆಗೆ ಉಳಿದದ್ದು ಹನ್ನೆರಡು ದಿನ. ಗಡಿಯಾರ ಎತ್ತಿಕೊಂಡು ಅಂಗಡಿಗೆ ಬಂದಳು.

"ಅಪ್ಪ, ಇದು ನಿಧಾನ ಓಡ್ತಿದೆ."

ಅಪ್ಪ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯಲಿಲ್ಲ. "ಗೊತ್ತು ಡಾಕ್ಟ್ರಮ್ಮ. ನಾನೇ ಮಾಡಿದ್ದು. ಮೊದಮೊದಲು ಗಡಿಯಾರ ಕಂಡ್ರೇ ನಿನ್ನ ಕೈ ನಡುಗ್ತಿತ್ತಲ್ಲ. ಧೈರ್ಯ ಬಂದ್ಮೇಲೆ ಸರಿ ಮಾಡೋಣ ಅಂತಿದ್ದೆ. ನೀನು ದಿನಾ ನಗ್ತಾ ಹೊರಗೆ ಬರೋಕೆ ಶುರು ಮಾಡ್ದೆ. ಮನಸ್ಸು ಬರ್ಲಿಲ್ಲ."

"ಪರೀಕ್ಷೆ ಹಾಲ್‌ನಲ್ಲೂ ನೀನೇ ಗಡಿಯಾರ ನೇತುಹಾಕ್ತೀಯಾ?"

ಅಪ್ಪ ಗಡಿಯಾರ ಕೈಗೆ ತೆಗೆದುಕೊಂಡ. ಗಡಿಯಾರದ ಬೆನ್ನು ಬಿಚ್ಚಿ, ಸುರುಳಿಯ ಪಕ್ಕದ, ಓಟ ಹೆಚ್ಚುಕಡಿಮೆ ಮಾಡುವ ಸಣ್ಣ ಸನ್ನೆಕೋಲನ್ನು ತೋರಿಸಿ, ಚಿಮುಟವನ್ನು ಅವಳ ಕೈಗೇ ಕೊಟ್ಟ. ಅವಳು ಅದನ್ನು ಮೆಲ್ಲಗೆ ಸರಿಸಿದಳು. ಟಿಕ್‌ಟಿಕ್ ಚುರುಕಾಯಿತು, ಯಾರೋ ಮೆಟ್ಟಿಲಿಳಿದು ಬರುತ್ತಿರುವ ಹಾಗೆ.

ಮರುದಿನ ಟೀ ಬಂದಾಗ ಮುಳ್ಳು ಐದರ ಮೇಲೇ ಇತ್ತು. ಅವಳು ಪೆನ್ನು ಕೆಳಗಿಟ್ಟು ಎಣಿಸಿದಳು.

"ಎಷ್ಟು ಉಳೀತು?" ಬಾಗಿಲಲ್ಲಿ ಅಪ್ಪ.

"ನಾಲ್ಕು."

ಅಪ್ಪನ ಮುಖ ಸಣ್ಣಗಾಯಿತು. ಅವಳು ತನ್ನ ಕೈ ನೋಡಿಕೊಂಡಳು. ನಡುಗುತ್ತಿರಲಿಲ್ಲ.

"ಹೋದ ವರ್ಷ ಹನ್ನೊಂದು ಇತ್ತಪ್ಪ," ಎಂದಳು. "ಅಮ್ಮ, ನಾಳೆನೂ ಸರಿಯಾಗಿ ಐದಕ್ಕೇ ತಾ. ಒಂದು ನಿಮಿಷನೂ ದಯೆ ತೋರಿಸ್ಬೇಡ."