ಬಲಗಡೆ ಬಿಟ್ಟ ಜಾಗ

ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವುದು ಆತನ ಕೆಲಸ. ಕೈಯಲ್ಲಿ ಸೂಜಿಮೂತಿಯ ಸಣ್ಣ ಮಷೀನು ಗುಂಯ್‌ಗುಡುತ್ತಿದ್ದರೆ ಎಂಥ ಉದ್ದನೆಯ ಹೆಸರನ್ನೂ ಲೋಟದ ಅಂಚಿಗೆ ಮುದ್ದಾಗಿ ಕೂರಿಸಿಬಿಡುತ್ತಿದ್ದ. ಸುತ್ತಲ ಬೀದಿಗಳ ಅರ್ಧಕ್ಕರ್ಧ ಅಡುಗೆಮನೆಗಳಲ್ಲಿ ಅವನ ಕೈಬರಹವಿತ್ತು. ಮನೆಗೆ ಬಂದರೆ ಮಾತ್ರ ಬಾಯಿಗೆ ಬೀಗ. ಅಲ್ಲಿ ಮಾತೆಲ್ಲ ಅವನ ತಾಯಿಯದು.

ಅವನ ಹೆಂಡತಿ, ಆ ಮನೆಯ ಸೊಸೆ, ಎರಡನೆಯ ಹೆಣ್ಣುಮಗುವನ್ನು ಹೆತ್ತು ಒಂಬತ್ತು ದಿನವಾಗಿತ್ತು. ಮೊದಲ ಮಗಳಿಗೂ ಇದಕ್ಕೂ ಹನ್ನೊಂದು ವರ್ಷದ ಅಂತರ. ನಡುವೆ ಎರಡು ಬಸಿರು ನಿಲ್ಲದೆ ಹೋಗಿದ್ದವು. ಹಾಗಾಗಿ ಸಂಭ್ರಮಕ್ಕೇನೂ ಕಡಿಮೆಯಿರಲಿಲ್ಲ. ಹೆಣ್ಣೆಂದು ಮುಖ ಸಿಂಡರಿಸುವ ಜನ ಅವರಲ್ಲ. ಅತ್ತೆಯೇ ನೀರು ಕಾಯಿಸುತ್ತಿದ್ದಳು, ಬಟ್ಟೆ ಒಣಹಾಕುತ್ತಿದ್ದಳು, ಮಗುವಿನ ಮೂಗು ತೋರಿಸಿ “ನೋಡಿ, ನನ್ನದೇ ಅಚ್ಚು” ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ದೊಡ್ಡ ಮಗಳಂತೂ ಶಾಲೆಯಿಂದ ಬಂದವಳೇ ಚೀಲ ಎಸೆದು ತಂಗಿಯ ಪಕ್ಕ ಬೋರಲು ಬೀಳುತ್ತಿದ್ದಳು.

ಸೊಸೆಯೊಬ್ಬಳ ಎದೆ ಮಾತ್ರ ಭಾರವಾಗಿತ್ತು. ಅಡುಗೆಮನೆಯ ಅಟ್ಟದ ಮೇಲೆ ಬಟ್ಟೆ ಸುತ್ತಿಟ್ಟ ದೊಡ್ಡ ಪಾತ್ರೆಯೊಂದಿತ್ತು. ಅದರ ಮೇಲೆ ಹನ್ನೊಂದು ವರ್ಷದ ಹಿಂದೆ ದೊಡ್ಡವಳ ಹೆಸರು ಕೊರೆದಿದ್ದರು. ನಡುವೆ ಅಲ್ಲ, ಎಡಗಡೆಗೆ. ಬಲಗಡೆಯ ಜಾಗ ನುಣ್ಣಗೆ ಖಾಲಿಯಿತ್ತು. ಮುಂದೆ ಹುಟ್ಟಬಹುದಾದ ತಂಗಿಗೆಂದು ಬಿಟ್ಟದ್ದು.

ಆ ಮನೆತನದ ಪದ್ಧತಿ ಹಾಗೆ. ಅಕ್ಕತಂಗಿಯರು ಒಂದೇ ದಿನ ಮದುವೆಯಾಗಿ, ಆದಷ್ಟೂ ಒಂದೇ ಮನೆಯ ಅಣ್ಣತಮ್ಮಂದಿರನ್ನು ಸೇರಬೇಕು. ಅಕ್ಕ ಹೋಗಿ ತಂಗಿ ಉಳಿದರೆ ಅಕ್ಕನ ಬಾಳು ಹಸನಾಗುವುದಿಲ್ಲವೆಂದು ನಂಬಿಕೆ. ಅದಕ್ಕೇ ಹೆಸರೂ ಜೋಡಿಯಾಗಿರಬೇಕು, ಇಬ್ಬರನ್ನೂ ಒಂದೇ ಉಸಿರಿನಲ್ಲಿ ಕೂಗುವಂತಿರಬೇಕು. ಎರಡು ಹೆಸರೂ ಬಿದ್ದ ಪಾತ್ರೆ ಮದುವೆಯ ದಿನ ಅವರ ಜೊತೆಗೆ ಹೋಗುತ್ತದೆ. ಪಾತ್ರೆಯ ಮೇಲೆ ಹೆಸರು ಬಿತ್ತೆಂದರೆ ಮಾತು ಕೊಟ್ಟ ಹಾಗೆ. ಅಕ್ಕ ಮದುವೆಗೆ ಬಂದಾಗ ತಂಗಿಗೆ ಎಷ್ಟು ವಯಸ್ಸಾಗಿರುತ್ತದೆಂದು ಕೇಳುವವರು ಯಾರೂ ಇರಲಿಲ್ಲ.

ಸೊಸೆಗೆ ಇದು ಯಾರೋ ಹೇಳಿ ಗೊತ್ತಾದ ಸಂಗತಿಯಲ್ಲ. ಅವಳ ತವರಿನಲ್ಲೂ ಇದೇ ಪದ್ಧತಿ; ಅವಳೇ ಅಂಥ ತಂಗಿ. ಅವಳ ಅಕ್ಕ ಈ ಮನೆಯ ಹಿರಿಮಗನ ಹೆಂಡತಿ; ಈಗ ಬೇರೆ ಊರಿನಲ್ಲಿದ್ದಾಳೆ. ಮದುವೆಯ ದಿನ ಅಕ್ಕನಿಗೆ ಹದಿನೇಳು, ಅವಳಿಗೆ ಎಂಟು. ನಿದ್ದೆ ತಡೆಯದೆ ಅಕ್ಕನ ತೊಡೆಯ ಮೇಲೆ ಮಲಗಿಬಿಟ್ಟದ್ದು, ಯಾರೋ ಕೆನ್ನೆ ತಟ್ಟಿ ಎಬ್ಬಿಸಿ ನಿಲ್ಲಿಸಿದ್ದು ಅವಳಿಗೆ ನೆನಪಿದೆ. ಹದಿಮೂರಕ್ಕೆ ಈ ಮನೆಗೆ ಕಳಿಸಿಕೊಟ್ಟರು. ಹದಿನಾಲ್ಕಕ್ಕೆ ಮೊದಲ ಹೆರಿಗೆ. ಎರಡು ದಿನ ನರಳಿ ಹೆತ್ತ ಮಗು ಅಳಲೇ ಇಲ್ಲ. ಆಮೇಲೆ ಅವಳ ಮೈ ಸರಿಹೋಗಲೇ ಇಲ್ಲ. ಈಗಲೂ ತುಂಬಿದ ಬಕೆಟ್ಟು ಎತ್ತಿದರೆ ಸೊಂಟ ಹಿಡಿದುಕೊಂಡು ಕೂರುತ್ತಾಳೆ.

“ಹೆಸರಿಡೋಕೆ ಮೂರೇ ದಿನ ಉಳೀತು. ನಾನು ಯೋಚನೆ ಮಾಡಿ ಇಟ್ಟಿದೀನಿ” ಎಂದು ಅತ್ತೆ ಒಂದು ಹೆಸರು ಹೇಳಿದಳು. “ದೊಡ್ಡವಳ ಹೆಸರಿಗೆ ಹೇಳಿ ಮಾಡಿಸಿದ ಹಾಗಿದೆ. ಎರಡನ್ನೂ ಒಟ್ಟಿಗೆ ಕೂಗಿ ನೋಡೇ, ಬಾಯಿಗೆ ಎಷ್ಟು ಚೆನ್ನಾಗಿ ಬರುತ್ತೆ!”

ಚೆನ್ನಾಗಿಯೇ ಇತ್ತು. ಅದೇ ಸೊಸೆಯ ಸಂಕಟ. ಬೇರೆ ಮನೆಯಲ್ಲಾಗಿದ್ದರೆ ಅವಳೇ ಅದನ್ನು ಆರಿಸಿ, ಎರಡನ್ನೂ ಕೂಗಿ ಕೂಗಿ ಖುಷಿಪಡುತ್ತಿದ್ದಳು. ಅವಳು ಮೆಲ್ಲಗೆ ಬೇರೊಂದು ಹೆಸರು ಹೇಳಿದಳು. ಉದ್ದದ್ದು, ದೊಡ್ಡವಳ ಹೆಸರಿಗೂ ಅದಕ್ಕೂ ಎಲ್ಲಿಂದೆಲ್ಲಿಗೂ ಸಂಬಂಧವಿಲ್ಲದ್ದು.

“ಇದೇನೇ, ರೈಲುಗಾಡಿ ಹಾಗಿದೆ!” ಅತ್ತೆ ನಕ್ಕಳು. “ಕರೆದು ಮುಗಿಸೋದ್ರೊಳಗೆ ಮಗು ದೊಡ್ಡದಾಗಿರುತ್ತೆ.” ಆಮೇಲೆ ಮಗನ ಕಡೆ ತಿರುಗಿದಳು. “ಏನೋ, ನೀನು ಹೇಳೋ. ಇದು ಆ ಜಾಗದಲ್ಲಿ ಹಿಡಿಸುತ್ತೇನೋ?”

ಗಂಡ ಅಟ್ಟದ ಕಡೆ ನೋಡಿದ. ಆಮೇಲೆ ತಾಯಿಯ ಮುಖ ನೋಡಿದ. “ಇಲ್ಲ ಕಣೇ. ಅಷ್ಟುದ್ದ ಹಿಡಿಸಲ್ಲ” ಎಂದ.

ಇದಕ್ಕಿಂತ ಮಾರುದ್ದದ ಹೆಸರುಗಳನ್ನು ಚಮಚದ ಹಿಡಿಯ ಮೇಲೆ ಕೊರೆದುಕೊಟ್ಟವನು ಅವನು. ಅದು ಇಬ್ಬರಿಗೂ ಗೊತ್ತಿತ್ತು. ಅವನು ಎದ್ದು ಚಪ್ಪಲಿ ಹುಡುಕತೊಡಗಿದ.

ಮಾರನೆಯ ದಿನ ಮಗುವಿನ ತೂಕ ನೋಡಲು ನರ್ಸಮ್ಮ ಬಂದಳು. ಹೆಗಲಿಗೆ ತಕ್ಕಡಿಯ ಚೀಲ, ಕೈಯಲ್ಲಿ ರಿಜಿಸ್ಟರು. ಸೊಸೆಯ ಮೂರು ಬಸಿರು ಹಾಳಾದದ್ದನ್ನು ಹತ್ತಿರದಿಂದ ಬಲ್ಲವಳು ಅವಳು. ಹೆಸರಿನ ಕಾಲಮ್ಮಿಗೆ ಬಂದಾಗ ಸೊಸೆಯ ಕಣ್ಣಲ್ಲಿ ನೀರು ಕಂಡು, ವಿಷಯ ತಿಳಿದು, ಪೆನ್ನು ಮುಚ್ಚಿಟ್ಟಳು.

“ಅಜ್ಜಿ, ಹೆಸರು ಹೊಂದಲಿ, ಬೇಡ ಅನ್ನಲ್ಲ. ವಯಸ್ಸು ಹೊಂದುತ್ತಾ? ದೊಡ್ಡವಳಿಗೆ ಹದಿನೆಂಟಾದಾಗ ಇದಕ್ಕೆ ಏಳು. ಹಾಲುಹಲ್ಲು ಕೂಡ ಪೂರ್ತಿ ಬಿದ್ದಿರಲ್ಲ.”

“ಮದುವೆ ಆದ ತಕ್ಷಣ ಕಳಿಸ್ತೀವಾ ನಾವು? ಮೈನೆರೆದ ಮೇಲೆ ತಾನೆ?”

“ನಿಮ್ಮ ಸೊಸೇನ ಯಾವಾಗ ಕರ್ಕೊಂಡ್ರಿ? ಹದಿಮೂರಕ್ಕೆ. ಅವಳ ಗತಿ ಏನಾಯ್ತು ನೋಡಿದ್ರಲ್ಲ. ಇದಕ್ಕೆ ಕಾನೂನೂ ಒಪ್ಪಲ್ಲ.”

“ಕಾನೂನು ಕಚೇರೀಲಿ ಇರಲಿ. ನಮ್ಮ ಅಡುಗೆಮನೇಲಿ ಯಾಕೆ?” ಅತ್ತೆಯ ದನಿ ಏರಿತು; ಮರುಕ್ಷಣವೇ ಇಳಿಯಿತು. “ನಿಮಗೆ ಗೊತ್ತಿಲ್ಲ ನರ್ಸಮ್ಮ. ನಮ್ಮ ಚಿಕ್ಕಜ್ಜಿ ಒಬ್ಬಳು ಹೀಗೇ ಉಳಿದುಬಿಟ್ಟಳು. ಜ್ವರ ಅಂತ ಅವಳನ್ನ ಬಿಟ್ಟು ಅಕ್ಕನೊಬ್ಬಳಿಗೇ ಮದುವೆ ಮಾಡಿದ್ರು. ವರ್ಷ ತಿರುಗೋದ್ರೊಳಗೆ ಅಕ್ಕ ಗಂಡನ್ನ ಕಳ್ಕೊಂಡು ವಾಪಸ್ಸು ಬಂದಳು. ನಾನು ಕಣ್ಣಾರೆ ನೋಡಿದೀನಿ. ದೊಡ್ಡವಳಿಗೆ ಹಾಗಾದ್ರೆ ನೀವು ಬಂದು ಜವಾಬ್ದಾರಿ ತಗೋತೀರಾ?”

“ಆತ ಯಾತರಿಂದ ಹೋದದ್ದು?”

“ಕಾಮಾಲೆ.”

“ಕಾಮಾಲೆಗೂ ನಾದಿನಿಗೂ ಏನಜ್ಜಿ ಸಂಬಂಧ?”

ಅತ್ತೆ ಮಗುವಿನ ಹೊದಿಕೆ ಸರಿಮಾಡತೊಡಗಿದಳು. ಮುದುಕಿ ಕೆಟ್ಟವಳಲ್ಲ, ಹೆದರಿದವಳು. ಕೆಟ್ಟವರೊಡನೆ ಜಗಳವಾದರೂ ಆಡಬಹುದು. ಹೆದರಿದವರೊಡನೆ ಏನು ಮಾಡುವುದು? ನರ್ಸಮ್ಮ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಸೊಸೆಗೆ ಹೇಳಿದಳು: “ನೀನು ಗಟ್ಟಿಯಾಗಿ ನಿಲ್ಲಬೇಕಮ್ಮ. ನಿನ್ನ ಬದಲಿಗೆ ನಾನು ನಿಲ್ಲೋಕಾಗಲ್ಲ.”

ಹತ್ತು ದಿನದ ಬಾಣಂತಿ ಎಲ್ಲಿ ಗಟ್ಟಿಯಾಗಿ ನಿಂತಾಳು? ಹನ್ನೆರಡನೆಯ ದಿನ ಗಂಡ ಮಷೀನನ್ನು ಮನೆಗೇ ತಂದು, ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು, ಬಲಗಡೆ ಅತ್ತೆ ಹೇಳಿದ ಹೆಸರು ಕೊರೆದ. ಅವಳು ಒಳಗಿನ ಕೋಣೆಯಲ್ಲಿ ಮಗುವಿನ ಕಿವಿ ಮುಚ್ಚಿಕೊಂಡು ಆ ಸದ್ದು ನಿಲ್ಲುವ ತನಕ ಕೂತಿದ್ದಳು. ದೊಡ್ಡವಳು ಬಾಗಿಲಿಗೊರಗಿ ತಾಯಿಯನ್ನೇ ನೋಡುತ್ತಿದ್ದಳು.

ಇಟ್ಟ ಹೆಸರು ಪಾತ್ರೆಯ ಮೇಲೇ ಉಳಿಯಿತು. ನಡೆಯಲು ಕಲಿತದ್ದೇ ತಡ, ಮಗು ಅಕ್ಕ ಹೋದಲ್ಲೆಲ್ಲ ಹಿಂದೆಯೇ ಹೋಗುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ‘ಬಾಲ’ ಆಯಿತು. ಅಕ್ಕ ಹೊಲಿಗೆ ಕಲಿಯಲು ಹೋದರೆ ಬಾಲ ದಾರದುಂಡೆ ಹಿಡಿದು ಕೂರುತ್ತಿದ್ದಳು. ಅಕ್ಕ ಬಟ್ಟೆ ಕಾರ್ಖಾನೆಗೆ ಸೇರಿದ ಮೇಲೆ ಸಂಜೆ ಬಸ್‌ಸ್ಟಾಪಿನಲ್ಲಿ ಕಾಯುತ್ತಿದ್ದಳು. “ಬಾಲ ಅಲ್ಲಾಡ್ತಾ ಇದೆ, ಅಂದ್ರೆ ಅಕ್ಕ ಬಂದಳು” ಎಂದು ಅಕ್ಕಪಕ್ಕದವರು ರೇಗಿಸುತ್ತಿದ್ದರು.

ಆ ಕಾರ್ಖಾನೆಯಲ್ಲೇ ಹೊಲಿಗೆ ಮಷೀನು ರಿಪೇರಿ ಮಾಡುವ ಹುಡುಗನೊಬ್ಬನಿದ್ದ. ದೊಡ್ಡವಳ ಮಷೀನೇ ವಾರಕ್ಕೆರಡು ಸಲ ಕೆಡತೊಡಗಿತ್ತು. ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೆ ತಾಯಿಗೆ ಮಗಳ ಮುಖ ಓದಲು ಕನ್ನಡಕ ಬೇಕೆ? ಅವಳಿಗೆ ಹದಿನೆಂಟು ತುಂಬಿದ ತಿಂಗಳೇ ಹುಡುಗ ತನ್ನ ತಾಯಿಯನ್ನು ಕರೆದುಕೊಂಡು ಮನೆಗೆ ಬಂದ. ನೆಟ್ಟಗೆ ಕೂತ, ನೆಟ್ಟಗೆ ಮಾತಾಡಿದ. ಸೊಸೆಗೆ ಹಿಡಿಸಿದ. ಮಗಳು ಇನ್ನೆರಡು ವರ್ಷ ಕಾಯಲಿ ಎಂದು ಒಳಗೊಳಗೆ ಅನ್ನಿಸಿದರೂ, ಆ ಮುಖದ ಬೆಳಕು ನೋಡಿ ಸುಮ್ಮನಾದಳು.

ಆಗ ಅತ್ತೆ ಕೇಳಿದಳು: “ತಮ್ಮ ಇದಾನಂತಲ್ಲ?”

“ಇದಾನೆ. ಹದಿನಾರು” ಎಂದಳು ಹುಡುಗನ ತಾಯಿ.

“ಹಾಗಾದ್ರೆ ದೇವರೇ ಕೂಡಿಸಿದ ಹಾಗಾಯ್ತು. ನಮ್ಮಲ್ಲಿ ಇಬ್ಬರೂ ಒಟ್ಟಿಗೇ ಹೋಗೋದು.”

ಹುಡುಗನ ಮುಖ ಕೆಂಪಾಯಿತು. “ಅಮ್ಮ, ಅದು ಮಗು” ಎಂದ. ಅವನ ತಾಯಿ ಮೊಣಕೈಯಲ್ಲಿ ತಿವಿದಳು. “ಸುಮ್ನಿರೋ. ಹಿರಿಯರ ಮನೆ ಪದ್ಧತಿ. ಮನೇಲಿ ಒಂದು ಮಾತು ಆಡಿಟ್ಟರೆ ನಿನಗೇನು ನಷ್ಟ?” ಹುಡುಗ ತಲೆ ತಗ್ಗಿಸಿ ಕೂತ. ಅವನೂ ಅಷ್ಟೇ.

ಮದುವೆಯ ಮಾತು ನಿಶ್ಚಯವಾಯಿತು. ಮುಂದಿನ ಹದಿನೈದು ದಿನ ಸೊಸೆ ತಟ್ಟದ ಬಾಗಿಲಿಲ್ಲ. ಗಂಡನಿಗೆ ಹೇಳಿದಳು. “ಅಮ್ಮನ ಎದುರು ನಾನೇನು ಹೇಳ್ಲಿ?” ಎಂದ ನಲವತ್ತು ದಾಟಿದ ಗಂಡಸು. ನರ್ಸಮ್ಮನನ್ನು ಹುಡುಕಿಕೊಂಡು ಆಸ್ಪತ್ರೆಗೆ ಹೋದಳು. ನರ್ಸಮ್ಮನಿಗೆ ವರ್ಗವಾಗಿ ಮೂರು ವರ್ಷವಾಗಿತ್ತು. ಅವಳ ಜಾಗದಲ್ಲಿದ್ದವಳು ಮಕ್ಕಳ ರಕ್ಷಣೆಯ ಕಚೇರಿಗೆ ಹೋಗಿ ದೂರು ಬರೆದುಕೊಡಲು ಹೇಳಿದಳು. ಕಚೇರಿಯವನು ಫಾರಮ್ಮು ಮುಂದಿಟ್ಟು “ಯಾರ ಮೇಲಮ್ಮ ದೂರು? ಗಂಡನ ಹೆಸರು ಬರೀರಿ, ಅತ್ತೆ ಹೆಸರು ಬರೀರಿ” ಎಂದ. ಅವಳ ಕೈ ಏಳಲಿಲ್ಲ. ಬರೆದು ಆ ಮನೆಗೆ ವಾಪಸ್ಸು ಹೇಗೆ ಹೋಗುವುದು? ಹೋಗದೆ ಇನ್ನೆಲ್ಲಿಗೆ ಹೋಗುವುದು? ಖಾಲಿ ಫಾರಮ್ಮನ್ನು ಮಡಿಸಿ ಕುಪ್ಪಸದೊಳಗಿಟ್ಟುಕೊಂಡು, ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಳ್ಳುತ್ತ ಬಂದಳು.

ಮನೆಯಲ್ಲಿ ಬಾಲ ಕನ್ನಡಿಯ ಮುಂದೆ ನಿಂತಿದ್ದಳು. ಮುಂದಿನ ಎರಡು ಹಲ್ಲು ಬಿದ್ದಿದ್ದವು. “ಹೊಸ ಹಲ್ಲು ಬರೋತನಕ ಬಾಯಿ ಮುಚ್ಕೊಂಡು ನಗೋದು ಕಲ್ಸೇ ಇವಳಿಗೆ. ಬಂದ ಜನ ಏನಂದ್ಕೊಂಡಾರು?” ಎಂದು ಅತ್ತೆ ಹೇಳುತ್ತಿದ್ದಳು. ಬಾಲ ತುಟಿ ಬಿಗಿಹಿಡಿದು ನಕ್ಕು ನೋಡಿಕೊಂಡಳು. ಸೊಸೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಭಾನುವಾರ ಮಧ್ಯಾಹ್ನ ಹುಡುಗನ ತಾಯಿ ಬಟ್ಟೆ ತಂದಳು. ಹುಡುಗ ಬೈಕಿನ ಮೇಲೆ ಹೊರಗೇ ಕೂತಿದ್ದ. ಇಬ್ಬರಿಗೂ ಒಂದೇ ಥಾನಿನ ಬಟ್ಟೆ, ದೊಡ್ಡ ತುಂಡೊಂದು, ಸಣ್ಣ ತುಂಡೊಂದು. “ಹೊಲಿಯೋಳು ಮನೇಲೇ ಇರುವಾಗ ದರ್ಜಿ ಯಾಕೆ? ಎರಡೂ ನೀನೇ ಹೊಲಿದುಬಿಡು” ಎಂದಳು ಅತ್ತೆ.

ದೊಡ್ಡವಳು ಕೊರಳಿಗೆ ಟೇಪು ಹಾಕಿಕೊಂಡು ತಂಗಿಯನ್ನು ಎದುರಿಗೆ ನಿಲ್ಲಿಸಿಕೊಂಡಳು. ಹೆಗಲಿನ ಅಳತೆ ತೆಗೆದಳು. ಎದೆಯ ಅಳತೆಗೆ ಟೇಪು ಸುತ್ತಿದಾಗ ಬಾಲ ಕಚಗುಳಿಯಾಗಿ ಕಿಲಕಿಲ ನಕ್ಕು, ಹಲ್ಲಿಲ್ಲದ್ದು ನೆನಪಾಗಿ ಗಬಕ್ಕನೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ದೊಡ್ಡವಳ ಕೈ ಹಾಗೇ ನಿಂತಿತು. ಟೇಪನ್ನು ಸುರುಳಿ ಸುತ್ತಿ ಸ್ಟೂಲಿನ ಮೇಲಿಟ್ಟಳು. “ಈ ಅಳತೆಗೆ ಮದುವೆ ಬಟ್ಟೆ ಹೊಲಿಯೋಕೆ ನನಗೆ ಬರಲ್ಲ” ಎಂದಳು.

“ಏನು ಹಾಗಂದ್ರೆ?”

“ನನ್ನದೂ ಬೇಡ.” ಅವಳು ಹುಡುಗನ ತಾಯಿಯ ಕಡೆ ತಿರುಗಿದಳು. “ನಿಮ್ಮ ಮಗ ಒಳ್ಳೆಯವರು. ನನಗೆ ಇಷ್ಟ ಇಲ್ಲದೆ ಅಲ್ಲ. ನಾನು ಹೋದ್ರೆ ಇವಳನ್ನೂ ಕಳಿಸ್ತಾರೆ. ಅದಕ್ಕೆ ನಾನು ಹೋಗಲ್ಲ.”

“ಮನೆ ಪದ್ಧತಿ ಮುರೀತೀಯೇನೇ ನೀನು?” ಅತ್ತೆ ಎದ್ದು ನಿಂತಳು.

“ಮುರಿಯಲ್ಲ ಅಜ್ಜಿ. ಇಬ್ಬರೂ ಒಂದೇ ದಿನ ಹೋಗ್ತೀವಿ. ಇವಳಿಗೆ ಹದಿನೆಂಟಾಗಲಿ.”

“ಆಗ ನಿನಗೆ ಎಷ್ಟಾಗುತ್ತೆ ಗೊತ್ತೇನೇ? ಇಪ್ಪತ್ತೊಂಬತ್ತು! ಯಾರು ಬರ್ತಾರೆ ನಿನ್ನ ಕೇಳ್ಕೊಂಡು?”

“ಬರದಿದ್ರೆ ಬೇಡ.” ಅವಳು ತಂಗಿಯ ಕೈ ಹಿಡಿದುಕೊಂಡು ಒಳಗೆ ಹೋದಳು.

ಹುಡುಗನ ತಾಯಿ ಬಟ್ಟೆ ಮಡಿಸಿಕೊಂಡು ಎದ್ದಳು. ಹೊರಗೆ ಹುಡುಗ ಏನೋ ಕೇಳಿದ್ದು, ತಾಯಿ ಏನೋ ಹೇಳಿದ್ದು ಕೇಳಿಸಿತು. ಕೊನೆಗೆ ಬೈಕು ಹೊರಟಿತು. ಒಳಗಿನ ಕೋಣೆಯಲ್ಲಿ ದೊಡ್ಡವಳು ಆ ಸದ್ದು ಬೀದಿಯ ತಿರುವು ದಾಟುವ ತನಕ ಕಿಟಕಿಯ ಕಂಬಿ ಹಿಡಿದು ನಿಂತಿದ್ದಳು. ಹಿಂದೆ ಬಾಲ, “ಹಾಗಾದ್ರೆ ನಂಗೆ ಹೊಸ ಬಟ್ಟೆ ಇಲ್ವಾ ಅಕ್ಕಾ?” ಎಂದು ಅವಳ ಸೆರಗು ಜಗ್ಗುತ್ತಿದ್ದಳು.

ಒಬ್ಬಳ ಬಾಲ್ಯ ಉಳಿಸಲು ಇನ್ನೊಬ್ಬಳು ತನ್ನ ಹರೆಯ ಕೊಡಬೇಕಾಯಿತು. ಆ ಮನೆಯಲ್ಲಿ ತಿಳಿದ ದೊಡ್ಡವರು ಮೂವರಿದ್ದರು. ಓದುವವರೇ, ನಿಮ್ಮ ಮನೆಯಲ್ಲಿ ಎಷ್ಟು ಜನರಿದ್ದೀರಿ?

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಹೆತ್ತ ಮಗಳು ಆಡಿದ ಮಾತು ತಾನು ಏಳು ವರ್ಷದ ಹಿಂದೆಯೇ ಆಡಬೇಕಾಗಿದ್ದದ್ದೆಂದು ಅವಳಿಗೆ ಗೊತ್ತಿತ್ತು. ಗಂಡ ಖಾಲಿ ಕುರ್ಚಿಗಳನ್ನು ಎತ್ತಿ ಗೋಡೆಗೆ ಆನಿಸುತ್ತಿದ್ದ.

“ನಿನ್ನ ಮಗಳಿಗೆ ಬುದ್ಧಿ ಹೇಳು” ಎಂದಳು ಅತ್ತೆ, ಏದುಸಿರು ಬಿಡುತ್ತ. “ಹೇಳದಿದ್ರೆ ಬಿಡು. ಎಷ್ಟು ದಿನ ಈ ಹಟ ಅಂತ ನಾನೂ ನೋಡ್ತೀನಿ.”

“ಹನ್ನೊಂದು ವರ್ಷ ಅತ್ತೆ” ಎಂದಳು ಸೊಸೆ. ಈ ಮನೆಗೆ ಬಂದಂದಿನಿಂದ ಅತ್ತೆಗೆ ಅವಳು ಕೊಟ್ಟ ಮೊದಲ ಎದುರುತ್ತರ ಅದು. ಅವಳು ಬಾಗಿಲು ಬಿಟ್ಟು ಸರಿಯಲಿಲ್ಲ.