ಬೇಡಪ್ಪನವರ ಸಾಕ್ಷಿ

ಬೇಡಪ್ಪನವರಿಗೆ ಆ ಹೆಸರಿಟ್ಟವರು ಅವರ ಕೈಕೆಳಗಿನವರೇ. ವಿಮಾನದೊಳಗೆ ಪೈಪು, ವೈರು, ಪೆಟ್ಟಿಗೆಗಳನ್ನು ಅಲುಗಾಡದಂತೆ ಹಿಡಿದಿಡುವ ಬ್ರ್ಯಾಕೆಟ್‌ಗಳನ್ನು ಡಿಸೈನ್ ಮಾಡಿಕೊಡುವ ಪುಟ್ಟ ಆಫೀಸು ಅವರದು. ಬೀಗ ರಿಪೇರಿ ಅಂಗಡಿಯ ಮೇಲಿನ ಮಹಡಿ, ಗೋಡೆಗೆ ಒತ್ತಿಕೊಂಡ ಕಂಪ್ಯೂಟರುಗಳು, ಕೂತರೆ ಕಿರುಗುಟ್ಟುವ ಕುರ್ಚಿಗಳು. ಯಾರು ಯಾವ ಡ್ರಾಯಿಂಗ್ ತಂದು ಮುಂದಿಟ್ಟರೂ ಅವರ ಬಾಯಿಂದ ಮೊದಲು ಉದುರುತ್ತಿದ್ದ ಮಾತು ಅದೇ. “ಈ ಬೋಲ್ಟ್ ಯಾಕೆ? ಬೇಡ. ಈ ಮೂಲೇಲಿ ಇಷ್ಟು ಲೋಹ ಯಾಕೆ ತುಂಬಿದೀರ? ಬೇಡ.” ನೆಲದ ಮೇಲೆ ಒಂದು ಗ್ರಾಂ ತೂಕಕ್ಕೆ ಯಾರೂ ಬೆಲೆ ಕೊಡುವುದಿಲ್ಲ, ಮೇಲೆ ಹೋದ ಮೇಲೆ ಅದರಷ್ಟು ದುಬಾರಿ ಇನ್ನೊಂದಿಲ್ಲ ಎಂಬುದು ಅವರ ಸಿದ್ಧಾಂತ.

ಅವರು ಬೇಡ ಎಂದದ್ದನ್ನೆಲ್ಲ ಅಳಿಸಿ ಅಳಿಸಿ ತರುತ್ತಿದ್ದವಳು ರಬ್ಬರಮ್ಮ. ಕಾಲೇಜು ಮುಗಿಸಿ ನೇರ ಅಲ್ಲಿಗೇ ಬಂದವಳು, ಹರೆಯದ ಏಳು ವರ್ಷವನ್ನು ಆ ಕಿರುಗುಟ್ಟುವ ಕುರ್ಚಿಗೆ ಕೊಟ್ಟವಳು. ಮೊದಮೊದಲು ಮೆಟ್ಟಿಲ ಮೇಲೆ ಕೂತು ಅತ್ತದ್ದೂ ಉಂಟು. ಆಮೇಲೆ ಸಿಡುಕಿನ ಬೇಡ ಯಾವುದು, ಯೋಚಿಸುತ್ತಾ ಆಡುವ ಬೇಡ ಯಾವುದು ಎಂದು ಕಿವಿ ಪಳಗಿತು. ಅಪರೂಪಕ್ಕೊಮ್ಮೆ ಅವರು ಡ್ರಾಯಿಂಗನ್ನು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು, ರಾಗವಾಗಿ “ಬೇ...ಡ” ಎನ್ನುತ್ತಿದ್ದರು. ಇನ್ನು ಇದನ್ನು ಮುಟ್ಟುವುದೇ ಬೇಡ, ಮುಗಿಯಿತು ಎಂದರ್ಥ. ಅದಾದ ಮೇಲೆ ಸಹಿ. ಹೊಗಳಿಕೆ ಎಂಬ ಪದಾರ್ಥ ಆ ಮಹಡಿಯಲ್ಲಿ ಸಿಗುತ್ತಿದ್ದುದು ಅಷ್ಟೇ, ಅದಕ್ಕಾಗಿ ಅವಳು ತಿಂಗಳುಗಟ್ಟಲೆ ಕಾಯುತ್ತಿದ್ದಳು.

ಒಂದು ಬೆಳಿಗ್ಗೆ ಬೇಡಪ್ಪನವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಜೊತೆಗೆ ಮಾತು, ಮೂರೂ ಹೋದವು. ಯಜಮಾನರೇ ಮಲಗಿದ ಮೇಲೆ ಆಫೀಸು ಎದ್ದು ನಿಲ್ಲುತ್ತದೆಯೇ? ಕಂಪ್ಯೂಟರುಗಳನ್ನು ಯಾರೋ ಬಂದು ಹೊತ್ತುಕೊಂಡು ಹೋದರು, ಬೀಗದ ಅಂಗಡಿಯವನೇ ಮಹಡಿಗೂ ಬೀಗ ಹಾಕಿದ. ರಬ್ಬರಮ್ಮ ಅಕ್ಕನ ಮನೆಗೆ ಬಂದು, ಅಕ್ಕನ ಮಕ್ಕಳನ್ನು ಹಾಲಿಗೆ ಅಟ್ಟಿ, ಅವರ ರೂಮಿನಲ್ಲಿ ಬೀಡುಬಿಟ್ಟಳು.

ಕೆಲಸ ಹುಡುಕುವುದು ಎಂದರೆ ಏನೆಂದು ಆಗ ಗೊತ್ತಾಯಿತು. ಎಲ್ಲ ಕಡೆ ಕೇಳುತ್ತಿದ್ದುದು ಒಂದೇ ಪ್ರಶ್ನೆ: ನೀವು ಮಾಡಿದ ಕೆಲಸ ತೋರಿಸಿ. ತೋರಿಸುವಂತಿಲ್ಲ ಎಂದು ಬರೆದುಕೊಟ್ಟೇ ಅವಳು ಆ ಕೆಲಸ ಮಾಡಿದ್ದಳು. ಯಾವ ವಿಮಾನ, ಯಾವ ಪೈಪು, ಯಾವ ಲೋಹ, ಯಾವುದನ್ನೂ ಬಾಯಿ ಬಿಡುವಂತಿಲ್ಲ. ಭಾವನಿಗೆ ಇದು ದಿನದ ತಮಾಷೆ. “ನಿಂದು ಎಂಥಾ ಕೆಲಸ ಮಾರಾಯ್ತಿ! ಕಳ್ಳನಾದ್ರೂ ಜೈಲಲ್ಲಿ ಕೂತು, ಇಂಥ ಮನೇಲಿ ಕದ್ದೆ ಅಂತ ಜಂಬ ಕೊಚ್ಕೋಬಹುದು. ನಿನಗೆ ಅದೂ ಇಲ್ಲ.” ಅವಳೂ ನಗುತ್ತಿದ್ದಳು. ನಗದೆ ಮಾಡುವುದೇನು, ಉಣ್ಣುತ್ತಿದ್ದುದು ಅವನ ಅನ್ನ.

ಕೊನೆಗೆ ದೊಡ್ಡ ವಿಮಾನ ಕಾರ್ಖಾನೆಯೊಂದು ಕರೆಯಿತು. ಅಲ್ಲಿದ್ದವರು ಕೆಲಸ ತೋರಿಸು ಎನ್ನಲಿಲ್ಲ. ಮೇಜಿನ ಮೇಲೆ ಒಂದು ಬ್ರ್ಯಾಕೆಟ್ ಇಟ್ಟು, “ಇದು ಪರೀಕ್ಷೇಲಿ ಬಿರುಕು ಬಿಡ್ತಾ ಇದೆ, ಏನು ಮಾಡ್ತೀರಿ?” ಎಂದರು. ಅವಳಿಗಿಂತ ಮುಂಚೆ ಬಂದವರೆಲ್ಲ ಅಲ್ಲಿ ದಪ್ಪ ಮಾಡಿ, ಇಲ್ಲಿ ಪಟ್ಟಿ ಕೊಡಿ ಎಂದಿದ್ದರಂತೆ. ರಬ್ಬರಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಿರುಕಿನ ಪಕ್ಕದಲ್ಲೇ ಬಲಕ್ಕೆಂದು ಕೊಟ್ಟ, ಉಬ್ಬಿದ ಪಟ್ಟಿಯಂಥ ಗಟ್ಟಿ ಏಣೊಂದಿತ್ತು. ಮಿಕ್ಕ ಭಾಗ ಬಾಗುವಾಗ ತಾನು ಬಾಗದೆ, ಭಾರವನ್ನೆಲ್ಲ ಆ ಮೂಲೆಗೇ ತಂದು ಸುರಿಯುತ್ತಿದ್ದುದು ಅದೇ. “ಇದು ಬೇಡ” ಎಂದಳು. ಯಾರ ಮಾತು ತನ್ನ ಬಾಯಲ್ಲಿ ಬಂತೆಂದು ಹೊಳೆದು ಅವಳಿಗೇ ಮೈ ಜುಮ್ಮೆಂದಿತು. ಮೇಜಿನ ಆಚೆಯ ಹಿರಿಯ ಎಂಜಿನಿಯರ್ ಪೆನ್ನಿನ ಮುಚ್ಚಳ ಹಾಕಿ ನಕ್ಕರು.

ಕೆಲಸ ಸಿಕ್ಕಿತು ಎಂದೇ ಎಲ್ಲರೂ ತಿಳಿದರು. ಅಕ್ಕ ಅಂದೇ ಮಕ್ಕಳ ರೂಮಿನ ಪರದೆಗಳನ್ನು ಒಗೆಯಲು ಹಾಕಿದಳು. ಆದರೆ ವಿಮಾನ ಕಾರ್ಖಾನೆ ಎಂದರೆ ಕಿರಾಣಿ ಅಂಗಡಿಯೇ? ಹಿನ್ನೆಲೆ ವಿಚಾರಿಸಬೇಕು, ಅದಕ್ಕೇ ಬೇರೊಂದು ಆಫೀಸು. ಅಲ್ಲಿಂದ ವಿಚಾರಣೆಯವನೊಬ್ಬ ಫೋನು ಮಾಡಿದ. ತೀರಾ ಮರ್ಯಾದಸ್ಥ.

“ಸಂಬಳ ಬಂದಿದ್ದು ಬ್ಯಾಂಕಲ್ಲಿ ಕಾಣತ್ತೆ ಮೇಡಂ. ನೀವು ಅಲ್ಲಿ ಡಿಸೈನ್ ಮಾಡ್ತಿದ್ರಿ ಅಂತ ನಿಮ್ಮ ಮೇಲಿನವರು ಬಾಯಲ್ಲಿ ಹೇಳ್ಬೇಕು. ಅಷ್ಟೇ.”

“ಅವರಿಗೆ ಮಾತು ಹೋಗಿದೆ.”

“ಬೇರೆ ಮೇಲಿನವರು?”

“ಇರಲಿಲ್ಲ. ಅವರೊಬ್ಬರೇ.”

“ನಿಮ್ಮ ಆಫೀಸಿಗೆ ಕೆಲಸ ಕೊಡ್ತಿದ್ದ ಕಂಪನಿಯವರು?”

ಆ ಕಂಪನಿಯವರನ್ನು ಅವಳು ಆಗಲೇ ಕೇಳಿ ಆಗಿತ್ತು. ನಮಗೆ ಯಾರು ಏನು ಮಾಡಿಕೊಟ್ಟರು ಎಂದು ನಾವು ಹೇಳುವ ಪದ್ಧತಿ ಇಲ್ಲ ಎಂದು ಅವರು ಕೈ ತೊಳೆದುಕೊಂಡಿದ್ದರು. ವಿಚಾರಣೆಯವನು ನಿಟ್ಟುಸಿರು ಬಿಟ್ಟ. ಸೋಮವಾರದೊಳಗೆ ಆಗದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಕೆಲಸ ಹೋಗುತ್ತದೆ ಎಂದು ಬಹಳ ಬೇಸರದಿಂದಲೇ ಹೇಳಿದ.

ಭಾವನಿಗೆ ಒಂದು ಉಪಾಯ ಹೊಳೆಯಿತು. “ನಾನೇ ಬೇಡಪ್ಪ ಆಗ್ತೀನಿ ಬಿಡು. ಗಂಟಲು ದಪ್ಪ ಮಾಡಿ ‘ಹೌದು, ಬಂಗಾರದಂಥ ಹುಡುಗಿ’ ಅಂತೀನಿ. ಯಾರಿಗೆ ಗೊತ್ತಾಗತ್ತೆ?”

ಅಕ್ಕ ತಂಗಿಯ ಮುಖ ನೋಡಿದಳು. ಹೂಂ ಅಂದುಬಿಡೇ ಎಂದು ಆ ನೋಟದಲ್ಲಿತ್ತು. ರಬ್ಬರಮ್ಮನಿಗೂ ಆಸೆಯಾಯಿತು, ಸುಳ್ಳೇಕೆ. ಆದರೆ ಹಿಂದೊಮ್ಮೆ, ಅಳೆಯದೆ ಅಳತೆ ಬರೆದವನನ್ನು ಬೇಡಪ್ಪನವರು ಅವತ್ತೇ ಮನೆಗೆ ಕಳಿಸಿದ್ದರು. “ಸುಳ್ಳು ಬರೆದ್ರೆ ಇಲ್ಲಿ ಯಾರಿಗೂ ಏನೂ ಆಗಲ್ಲ. ಆಗೋದು ಮೇಲೆ ಕೂತವರಿಗೆ” ಎಂದಿದ್ದರು. ಆ ಮನುಷ್ಯನ ಹೆಸರಿನಲ್ಲೇ ಸುಳ್ಳು ಹೇಳಿಸುವುದು ಅವಳಿಂದಾಗಲಿಲ್ಲ. ಬೇಡ ಭಾವ ಎಂದಳು. ಭಾವ ಕೈ ಕೊಡವಿ ಎದ್ದು ಹೋದ. ಅಕ್ಕ ಒಗೆದ ಪರದೆಗಳನ್ನು ಮಡಚಿ ಕಪಾಟಿನಲ್ಲಿಟ್ಟಳು.

ಕೊನೆಗೆ ಅವಳು ಬೇಡಪ್ಪನವರ ಮನೆಗೇ ಹೋದಳು. ವಿಚಾರಣೆಯವನು ಅಲ್ಲಿಗೇ ಫೋನು ಮಾಡಲಿ, ಅವರ ಹೆಂಡತಿ ಇದ್ದದ್ದು ಇದ್ದ ಹಾಗೆ ಹೇಳಲಿ ಎಂದು ಮಾತಾಗಿತ್ತು. ಆ ಹೆಂಗಸು ಬಾಗಿಲಲ್ಲೇ ಅವಳ ಕೈ ಹಿಡಿದುಕೊಂಡು ತಗ್ಗಿದ ದನಿಯಲ್ಲಿ ಅಂದಳು: “ಎಲ್ಲಾ ಅರ್ಥ ಆಗತ್ತಮ್ಮ ಅವರಿಗೆ. ಬಾಯಿ ಮಾತ್ರ ಕೇಳಲ್ಲ. ಇಷ್ಟು ದಿನಕ್ಕೆ ಒಂದೇ ಒಂದು ಮಾತು ವಾಪಸ್ ಬಂದಿದೆ. ಹಸಿವಾದ್ರೂ ಅದೇ, ಹೊಟ್ಟೆ ತುಂಬಿದ್ರೂ ಅದೇ.”

ಯಾವ ಮಾತು ಎಂದು ಕೇಳಬೇಕಾಗಲಿಲ್ಲ. ಕಿಟಕಿಯ ಬಳಿ ದಿಂಬಿಗೆ ಒರಗಿ ಕೂತಿದ್ದ ಬೇಡಪ್ಪನವರು ಅವಳನ್ನು ಕಂಡದ್ದೇ ಅರ್ಧ ಮುಖದಲ್ಲಿ ನಕ್ಕು “ಬೇಡ!” ಎಂದರು. ಬಾ, ಬಂದೆಯಾ ಎಂದು ಕೇಳಿದಂತಿತ್ತು. ರಬ್ಬರಮ್ಮ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಆ ಏಣು ಬೇಡ ಎಂದದ್ದನ್ನು ಹೇಳುವಾಗ ಅವರ ಎಡಗೈ ತೊಡೆಯ ಮೇಲೆ ತಾಳ ಹಾಕಿತು. ಫೋನು ಬರುವುದನ್ನು ಹೇಳಿದಾಗ ಬೆನ್ನು ನೆಟ್ಟಗೆ ಮಾಡಿ ಕೂರಲು ನೋಡಿದರು, ಹೆಂಡತಿ ದಿಂಬು ಸರಿಪಡಿಸಿದಳು.

ಫೋನು ಬಂತು. ಹೆಂಡತಿ ಸ್ಪೀಕರ್ ಹಾಕಿ ಮೊದಲಿಂದ ಹೇಳಿದಳು: ಆಫೀಸು, ಲಕ್ವ, ಆದರೂ ಅವರಿಗೆ ಎಲ್ಲ ಅರ್ಥವಾಗುವುದು, ಈ ಹುಡುಗಿಯ ಏಳು ವರ್ಷ. ವಿಚಾರಣೆಯವನು ತಾಳ್ಮೆಯಿಂದ ಕೇಳಿದ.

“ಅಮ್ಮ, ನೀವು ಹೇಳಿದ್ದು ನಿಜಾನೇ ಇರತ್ತೆ. ಆದ್ರೆ ನೀವು ಅವರ ಮೇಲಿನವರಲ್ವಲ್ಲ. ಅವರು ಪಕ್ಕದಲ್ಲೇ ಇದ್ದಾರಾ? ಅರ್ಥ ಆಗತ್ತೆ ಅಂದ್ರಿ. ಒಂದೇ ಒಂದು ಮಾತು, ಹೌದು ಅಂದ್ರೆ ಸಾಕು, ಇಲ್ಲಿ ರೆಕಾರ್ಡ್ ಆಗತ್ತೆ, ನಾನು ಮುಗಿಸಿಬಿಡ್ತೀನಿ.”

ಸಹಾಯ ಮಾಡಬೇಕೆಂದೇ ಅವನು ಕೇಳಿದ್ದು. ಅದೇ ಕೆಟ್ಟದ್ದು. ರಬ್ಬರಮ್ಮ ಫೋನಿಗೆ ಕೈ ಚಾಚುವಷ್ಟರಲ್ಲಿ ಬೇಡಪ್ಪನವರು ಎಡಗೈಯಿಂದ ಅದನ್ನು ಎಳೆದುಕೊಂಡು ಬಾಯಿಗೆ ಹಿಡಿದಿದ್ದರು.

“ಸರ್, ಇವರು ನಿಮ್ಮ ಹತ್ತಿರ ಡಿಸೈನ್ ಕೆಲಸ ಮಾಡ್ತಿದ್ರಾ?”

ಬೇಡಪ್ಪನವರ ಹಣೆಯ ನರ ಉಬ್ಬಿತು. ತುಟಿ ‘ಹ’ಕಾರಕ್ಕಾಗಿ ಹೆಣಗಿತು, ಕತ್ತು ನಡುಗಿತು. “ಬೇಡ.”

“ಸರ್?”

“ಬೇಡ!”

“ಮತ್ತೆ ನಿಮ್ಮಲ್ಲಿಗೆ ಬಂದ್ರೆ ಕೆಲಸಕ್ಕೆ ತಗೋತೀರಾ?”

“ಬೇಡ! ಬೇಡ! ಬೇಡ!” ಇದ್ದಬದ್ದ ಉಸಿರನ್ನೆಲ್ಲ ಅದರಲ್ಲಿ ಹಾಕಿದರು. ಆಮೇಲೆ ಅವಳ ಕಡೆ ತಿರುಗಿ, ಕಣ್ಣು ಅರೆ ಮುಚ್ಚಿ, ರಾಗವಾಗಿ “ಬೇ...ಡ” ಎಂದರು.

ಆ ರಾಗ ಅವಳಿಗೆ ಗೊತ್ತಿತ್ತು. ಇಡೀ ಭೂಮಿಯ ಮೇಲೆ ಅವಳೊಬ್ಬಳಿಗೇ ಗೊತ್ತಿತ್ತು.

ಹೆಂಡತಿ ಫೋನು ಕಿತ್ತುಕೊಂಡು ಸ್ಪೀಕರ್ ಆರಿಸಿ ಅಡುಗೆಮನೆಗೆ ಓಡಿದಳು. ರಬ್ಬರಮ್ಮ ಹಿಂದೆಯೇ ಹೋದಳು. “ಅದು ಅವರ ಮಾತಲ್ಲಪ್ಪ, ಅವರಿಗೆ ಬರೋದೇ ಅದೊಂದು” ಎಂದು ಆ ಹೆಂಗಸು ಅಂಗಲಾಚುತ್ತಿದ್ದಳು. ರಬ್ಬರಮ್ಮ ಫೋನು ಇಸಿದುಕೊಂಡಳು.

“ನನಗೆ ಅರ್ಥ ಆಯ್ತು ಮೇಡಂ” ಎಂದ ಅವನು, ದನಿ ಬಿದ್ದುಹೋಗಿತ್ತು. “ಆದ್ರೆ ಕೇಳಿದ್ದನ್ನ ಬಿಟ್ಟು ಬೇರೆ ಬರೆಯೋ ಹಾಗಿಲ್ಲ ನಾನು. ಕೇಳ್ಬಾರದಿತ್ತೇನೋ. ಮುಂದಿನವರಿಗೆ ನಾಳೆನೇ ಆರ್ಡರ್ ಕಳಿಸ್ತಾರೆ. ಕ್ಷಮಿಸಿ.”

ಯಾರನ್ನು ಬಯ್ಯುವುದು? ಅವನನ್ನೇ, ಕಾರ್ಖಾನೆಯನ್ನೇ, ಮಂಚದ ಮೇಲೆ ಬೆವರುತ್ತಾ ಕೂತ ಆ ಜೀವವನ್ನೇ? ಹಾಳಾಗಿ ಹೋಗಲಿ ಎನ್ನಲೂ ಒಬ್ಬ ಮನುಷ್ಯ ಬೇಕಲ್ಲ. ಅವಳು ಸಿಂಕಿನ ಬಳಿ ಮುಖ ತೊಳೆದು, ದುಪಟ್ಟಾದಲ್ಲಿ ಒರೆಸಿಕೊಂಡು ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು.

ಬೇಡಪ್ಪನವರು ಬಾಗಿಲನ್ನೇ ನೋಡುತ್ತಿದ್ದರು. ಅಂಗಿಯ ಕುತ್ತಿಗೆ ಒದ್ದೆಯಾಗಿತ್ತು. ಪರೀಕ್ಷೆ ಬರೆದು ಬಂದ ಮಗುವಿನಂತೆ ಮುಖ ಅರಳಿತ್ತು. ಹುಬ್ಬು ಎತ್ತಿ ಕೇಳಿದರು: ಆಯಿತೇ?

ಅದೇ ಹೊತ್ತಿಗೆ ಅವಳ ಫೋನು ಹೊಡೆದುಕೊಂಡಿತು. ಭಾವ. ಎದ್ದು ಹೊರಗೆ ಹೋಗೋಣವೆಂದರೆ ಬೇಡಪ್ಪನವರು ಎಡಗೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡಿದ್ದರು, ಇಲ್ಲೇ ಮಾತಾಡು, ನಾನೂ ಕೇಳಬೇಕು ಎನ್ನುವಂತೆ.

“ಏನಾಯ್ತೇ? ಮಾತಾಡಿದ್ರಾ ನಿಮ್ಮ ಸರ್?”

ರಬ್ಬರಮ್ಮ ಆ ಅರ್ಧ ಮುಖದ ನಗುವನ್ನು ನೋಡಿದಳು.

“ಮಾತಾಡಿದ್ರು ಭಾವ. ಅವರು ಹೇಳಿದ ಮೇಲೆ ಇನ್ನೇನು. ಎಲ್ಲಾ ಸರಿಹೋಯ್ತು.”

ಆ ಕಡೆ ಭಾವ “ಲೇ, ಕೇಳಿದ್ಯಾ, ನಿನ್ನ ತಂಗಿ ಗೆದ್ಲು!” ಎಂದು ಕೂಗಿದ. ದೂರದಲ್ಲಿ ಅಕ್ಕ ಕಿರುಚಿದ್ದು, ಮಕ್ಕಳು ರೂಮು ನಮ್ಮದು, ರೂಮು ನಮ್ಮದು ಎಂದು ಕುಣಿದದ್ದು ಎಲ್ಲವೂ ಕೇಳಿಸಿತು. ಅಕ್ಕ ಫೋನು ಕಸಿದುಕೊಂಡು ಅಳುತ್ತಲೇ, ಯಾವತ್ತು ಸೇರ್ಬೇಕು, ಯಾವತ್ತಿಂದ ಎಂದು ಒಂದೇ ಸಮ ಕೇಳತೊಡಗಿದಳು. ಬೇಡಪ್ಪನವರು ಮಣಿಕಟ್ಟು ಬಿಟ್ಟಿರಲಿಲ್ಲ.

“ಸೋಮವಾರ” ಎಂದಳು ರಬ್ಬರಮ್ಮ.